ಡಬ್ಬಿ ಅಜ್ಜಿಯ ಪಂಪು

"ಏಯ್ ಮುದಿ ಗೂಬೆ, ಸೆರಗಲ್ಲಿ ಏನ್ ಮುಚ್ಚಿಟ್ಟಿದ್ದೀಯ? ತೆಗಿ ಈಚೆ!"

ಪುಡಿ ಕಾರ್ಖಾನೆಯ ಮೇಸ್ತ್ರಿ ಗೇಟಿನಲ್ಲೇ ಕೈ ಚಾಚಿದ. ಡಬ್ಬಿ ಅಜ್ಜಿ ಬಾಯಿಗಿಟ್ಟು ಎಳೆಯುವ ಉಬ್ಬಸದ ಪಂಪನ್ನು ಕೊಟ್ಟಳು. ಅವನು ಅದನ್ನು ತನ್ನ ಅಂಗಿಯ ಜೇಬಿಗೆ ಇಳಿಸಿದ.

"ಇವತ್ತು ದೊಡ್ಡ ಗಿರಾಕಿಗಳು ಬರ್ತಾರೆ. ಉಬ್ಬಸದ ಪುಡಿ ಮಾಡೋ ಹೆಂಗಸ್ರೇ ಇಂಗ್ಲಿಷ್ ಔಷಧಿ ಎಳ್ಕೊಂಡು ಕೂತ್ರೆ, ಯಾವನ್ ಕೊಳ್ತಾನೆ?"

"ಉಸಿರು ಕಟ್ಟಿದ್ರೋ?"

"ಕಟ್ಕೊಂಡೇ ಕೂತಿರು. ಕೆಮ್ಮಿದ್ರೆ ನಾಳೆಯಿಂದ ಮನೇಲೇ ಕೆಮ್ಮು."

ಪುಡಿ ತುಂಬಿ ಮಾರುವ ಡಬ್ಬಿಯ ಮೇಲೆ ಇರುವುದು ಅವಳದೇ ಚಿತ್ರ. ಮಾಲೀಕ ಒಮ್ಮೆ ಅವಳ ತಲೆ ಬಾಚಿಸಿ, ಯಾರದೋ ಒಳ್ಳೆ ಸೀರೆ ಉಡಿಸಿ ಫೋಟೊ ತೆಗೆಸಿದ್ದ. ಅಂದಿನಿಂದ ಅಂಗಡಿ ಅಂಗಡಿಯಲ್ಲೂ ಹಲ್ಲು ಕಿರಿದುಕೊಂಡು ನಿಂತಿದ್ದಾಳೆ. ಪುಡಿಗೆ ಹಾಕುವ ಸೊಪ್ಪು, ಬೇರಿನ ಮೇಲೆ ಅವಳಿಗೇನೂ ಮುನಿಸಿಲ್ಲ. ನೆಗಡಿಯಾದರೆ ಇಂದಿಗೂ ಕಷಾಯವೇ. ಆದರೆ ಪುಡಿ ಗಾಳಿಗೆ ಹಾರಿಹೋದೀತೆಂದು ಕಿಟಕಿ ಮುಚ್ಚಿಸಿದ ಕೋಣೆಯಲ್ಲಿ ದಿನವಿಡೀ ಜರಡಿ ಆಡಿಸಿದರೆ, ಅದೇ ಔಷಧಿ ಎದೆಯೊಳಗೆ ಸಂಸಾರ ಹೂಡುತ್ತದೆ. ಜರಡಿ ಹಿಡಿಯುವ ಹೆಂಗಸರೆಲ್ಲ ಸೇರಿ ಕೊಂಡ ಒಂದೇ ಪಂಪು ಅದು.

ಮಧ್ಯಾಹ್ನ ಮಾಲೀಕ ಗಿರಾಕಿಗಳನ್ನು ಜರಡಿ ಕೋಣೆಗೆ ಕರೆತಂದ. ಎಲ್ಲರ ಮೂಗಿಗೂ ಕರವಸ್ತ್ರ. ಅವನು ಮಾತ್ರ ಭಾಷಣಕ್ಕೆಂದು ತನ್ನದನ್ನು ಇಳಿಸಿದ.

"ನೋಡಿ, ಡಬ್ಬಿ ಮೇಲಿರೋ ಅಜ್ಜಿ ಇವರೇ! ನಮ್ಮ ಪುಡಿ ಬಿಟ್ರೆ ಬೇರೆ ಔಷಧಿ ಮುಟ್ಟಿದವರೇ ಅಲ್ಲ. ಹೇಳಜ್ಜಿ, ಉಸಿರಾಟ ಹೇಗಿದೆ?"

ಅಜ್ಜಿ ಬಾಯಿ ತೆರೆದಳು. ಮಾತಿಗೆ ಮೊದಲು ಸಿಳ್ಳೆ ಬಂತು. ಎದೆ ಬಿಗಿಯಿತು, ಕಣ್ಣು ಕತ್ತಲಿಟ್ಟಿತು. ಸತ್ತೇಹೋಗುತ್ತೇನೆ ಎಂದು ಹೆದರಿದಳು. ಹಿಂದೆಯೇ ಸಿಟ್ಟೂ ಬಂತು: ಸತ್ತ ಮೇಲೂ ಇವನ ಡಬ್ಬಿಯ ಮೇಲೆ ನಗುತ್ತಾ ನಿಂತಿರಬೇಕಲ್ಲ!

ಎದ್ದವಳೇ ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿಯ ಜೇಬಿಗೆ ಕೈ ಹಾಕಿದಳು.

"ಏಯ್, ಬಿಡೇ! ಮಾನ ಕಳೀತೀಯ!"

"ನೀನ್... ಬಿಡೋ... ಬೇವರ್ಸಿ!"

ಜೇಬು ಪರ್ರನೆ ಹರಿಯಿತು. ಅಜ್ಜಿ ಗಿರಾಕಿಗಳ ಮುಖದೆದುರೇ ಪಂಪು ಎಳೆದು, ಕಣ್ಮುಚ್ಚಿ ಉಸಿರು ಹಿಡಿದು, ಪಕ್ಕದವಳಿಗೆ ದಾಟಿಸಿದಳು. ಜರಡಿಗಳು ಒಂದೊಂದಾಗಿ ನಿಂತವು. ಪಂಪು ಕೈಯಿಂದ ಕೈಗೆ ಸಾಗಿತು.

ಮಾಲೀಕ ಗದರಿಸಲು ಬಾಯಿ ತೆರೆದ. ಬೈಗುಳದ ಬದಲು ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಮುಖ ಕೆಂಪೇರಿ, ಗೋಡೆ ಹಿಡಿದು, ಕೊನೆಗೆ ಅವನೂ ಪಂಪಿಗೆ ಕೈ ಚಾಚಿದ.

"ಹಿಂದೆ ಹೋಗಿ ನಿಂತ್ಕೊಳ್ಳಿ ಸ್ವಾಮಿ," ಎಂದಳು ಅಜ್ಜಿ, ಈಗ ಸರಾಗವಾಗಿ. "ಮೊದ್ಲು ಜರಡಿ ಹಿಡಿದೋರಿಗೆ."