ತಾನೇ ಹಾಕಿಕೊಂಡ ಅಂಗಿ

"ಮಲಗಿದಲ್ಲೇ ಹೇಲುವವಳಿಗೆ ಚೂಡಿದಾರ ಎಂತಕ್ಕೆ ಮಾರಾಯ್ತಿ? ನೈಟಿ ಸಾಕು. ಒಗೀಲಿಕ್ಕೂ ಸುಲಭ."

ಧಣಿಯ ಹೆಂಡತಿ ಜಗಲಿಯ ಮೇಲಿಂದಲೇ ಒಂದು ಹಳೆಯ ನೈಟಿಯನ್ನು ಕೆಳಗೆ ಬಿಟ್ಟಳು. ಅಂಗಳದಲ್ಲಿ ನಿಂತಿದ್ದ ಸೇವಂತಿ ಎರಡೂ ಕೈ ಒಡ್ಡಿ ಹಿಡಿದಳು. ಅವಳು ಕೇಳಿದ್ದು ಆ ಮನೆಯ ಮಗಳು ತನ್ಮಯೀ ಹಾಕಿ ಬಿಟ್ಟ ಒಂದು ಚೂಡಿದಾರವನ್ನು. ಯಾಕಾದರೂ ಕೇಳಿದೆನೋ ಅನ್ನಿಸಿತು. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದುಬಿಟ್ಟರೆ?

"ಕಂದು ಬಣ್ಣ, ನೋಡು. ಕಲೆ ಗೊತ್ತಾಗುದಿಲ್ಲ."

"ಹೌದಮ್ಮ," ಅಂದಳು.

ಸೇವಂತಿಯ ಮಗಳು ಮೋಕ್ಷಿತಾಗೆ ಇಪ್ಪತ್ತಾರು. ಅವಳು ಹೊಟ್ಟೆಯಲ್ಲಿದ್ದಾಗ ಸೇವಂತಿ ಗೇರುತೋಟದಲ್ಲಿ ಬೀಜ ಹೆಕ್ಕುತ್ತಿದ್ದಳು. ತಲೆಯ ಮೇಲೆ ಹೆಲಿಕಾಪ್ಟರ್ ಕೀಟನಾಶಕದ ಮದ್ದು ಚೆಲ್ಲಿ ಹೋಗುತ್ತಿತ್ತು. ಹುಟ್ಟಿದ ಮಗುವಿನ ಕಾಲು ನೆಟ್ಟಗಾಗಲಿಲ್ಲ, ಎಡಗೈ ಎದೆಗೆ ಮಡಚಿಕೊಂಡೇ ಉಳಿಯಿತು. ಬಲಗೈಯ ಮೂರು ಬೆರಳು ಮಾತ್ರ ಅವಳ ಮಾತು ಕೇಳುತ್ತಿದ್ದವು. ದಿನಾ ಆ ಎಡಗೈಯನ್ನು ಅಂಗಿಯ ತೋಳಿಗೆ ತೂರಿಸುವಾಗ ಮಗಳು ಹಲ್ಲು ಕಚ್ಚುವ ಶಬ್ದ ಸೇವಂತಿಗೆ ಕೇಳುತ್ತಿತ್ತು.

ನೈಟಿ ನೋಡಿದ ಮೋಕ್ಷಿತಾ ಒಂದೇ ಮಾತು ಅಂದಳು. "ಗೋಣಿ."

ಅದನ್ನು ಗಿಡ್ಡ ಮಾಡಿಸಲು ಸೇವಂತಿ ಕರೆದದ್ದು ಝುಲೈಖಾಳನ್ನು. ಕಾಣಿಯೂರು ಪೇಟೆಯಲ್ಲಿ ಅವಳದ್ದು ಒಂದೇ ಬಾಗಿಲಿನ ಹೊಲಿಗೆ ಅಂಗಡಿ. ಸೇವಂತಿಯ ಕಾಲೊನಿಗೆ ಬಂದವಳು ಟೇಪು ಬಿಚ್ಚುವಷ್ಟರಲ್ಲಿ ಮೋಕ್ಷಿತಾ ಚಾಪೆಯಡಿಯಿಂದ ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಎಳೆದಳು. ಹಿಂಬದಿಯ ತುಂಬ ಚಿತ್ರ. ಗೆರೆ ಸೊಟ್ಟ, ಆದರೆ ಅಂಗಿ ಅಂತ ಯಾರಿಗೂ ಗೊತ್ತಾಗುವಂತಿತ್ತು.

"ಎಡದ ತೋಳು... ಅಡಿಯಿಂದ ಪೂರಾ ಬಿಚ್ಚುವ ಹಾಗೆ," ಅಂದಳು, ಒಂದೊಂದೇ ಪದ ಹೆಕ್ಕುತ್ತ. "ಹಿಂದೆ ಕೂರುವಲ್ಲಿ ಹೊಲಿಗೆ ಬೇಡ. ಒತ್ತಿ ಹುಣ್ಣಾಗ್ತದೆ. ಬಟನ್ ಬೇಡ."

"ಬಟನ್ ಇಲ್ಲದೆ ನಿಲ್ಲುದು ಹೇಗೆ ಮಾರಾಯ್ತಿ?"

"ನಿಮ್ಮ ಪರ್ಸು. ಟಕ್ ಅಂತದಲ್ಲ, ಅದು."

ಝುಲೈಖಾ ತನ್ನ ಪರ್ಸು ತೆಗೆದು ಮುಚ್ಚಿದಳು. ಆಯಸ್ಕಾಂತ ಟಕ್ ಅಂತು. ಅವಳು ಮತ್ತೊಮ್ಮೆ ತೆಗೆದು ಮುಚ್ಚಿ, "ಇಪ್ಪತ್ತು ವರ್ಷ ಆಯಿತು ಹೊಲಿಯಲಿಕ್ಕೆ ಶುರು ಮಾಡಿ. ನನ್ನ ಮಂಡೆಗೆ ಇದು ಹೊಳೀಲೇ ಇಲ್ಲ," ಅಂದಳು. "ಬಣ್ಣ ಯಾವುದು?"

"ನವಿಲು. ತೋಳಿಗೆ ಪಫ್ ಬೇಕು."

ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದರು. ನಾಲ್ಕನೆಯ ಸಲ ಮೋಕ್ಷಿತಾ ಅಮ್ಮನನ್ನು ಹೊರಗೆ ಕಳಿಸಿದಳು. ಸೇವಂತಿ ಮೆಟ್ಟಿಲಲ್ಲಿ ಕೂತಳು. ಒಳಗೆ ಏದುಸಿರು, ಆಮೇಲೆ ಏನೂ ಇಲ್ಲ. ಬಿದ್ದಳಾ, ಫಿಟ್ಸ್ ಬಂತಾ ಅಂತ ಎರಡು ಸಲ ಎದ್ದು ಕೂತಳು. ನಲವತ್ತು ನಿಮಿಷದ ಮೇಲೆ ಟಕ್ ಟಕ್ ಅಂತ ಸದ್ದು, ಮತ್ತೆ ಕರೆ.

ನವಿಲು ಬಣ್ಣದ ಚೂಡಿದಾರದಲ್ಲಿ ಮಗಳು ಗೋಡೆಗೆ ಒರಗಿ ಕೂತಿದ್ದಳು. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು. ಹುಟ್ಟಿದಾಗಿನಿಂದ ಅವಳು ತಾನೇ ಹಾಕಿಕೊಂಡ ಮೊದಲ ಬಟ್ಟೆ ಅದು. ಸೇವಂತಿ ಅಳುತ್ತ ನಕ್ಕಳು.

ಆ ವಾರವೇ ನೋಟೀಸು ಬಂತು. ಎಲ್ಲರ ಅಂಗವೈಕಲ್ಯದ ಪರ್ಸೆಂಟು ಮತ್ತೆ ನೋಡುತ್ತಾರಂತೆ, ಕಡಬದಲ್ಲಿ ಶಿಬಿರ. ಪರ್ಸೆಂಟು ಇಳಿದರೆ ಪೆನ್ಷನ್ ಇಳಿಯುತ್ತದೆ. ಮೋಕ್ಷಿತಾಳ ಫಿಟ್ಸಿನ ಮಾತ್ರೆ ಬರುತ್ತಿದ್ದದ್ದು ಅದರಿಂದಲೇ.

ನೆರೆಮನೆಯ ಮಾಯಿಲಪ್ಪ ಮೊದಲ ದಿನದ ಶಿಬಿರದಿಂದ ಬಂದು ಅಂಗಳದಲ್ಲಿ ಉಗಿದ. "ಬೇವರ್ಸಿಗಳು! ಡಾಕ್ಟ್ರು ಎಂತದೋ ಜೋಕು ಹೇಳಿದ. ನನ್ನ ಮಗ ಲತೀಶ ನಕ್ಕ. ನಗ್ತಾನೆ, ಬುದ್ಧಿ ಸಮ ಉಂಟು ಅಂತ ಬರೆದ. ಅಷ್ಟೇ, ಪೆನ್ಷನ್ ಮುಗೀತು. ನಿನ್ನ ಮಗಳನ್ನು ಆ ಬಣ್ಣದ ಅಂಗೀಲಿ ಕರ್ಕೊಂಡು ಹೋಗ್ಬೇಡ ಸೇವಂತಿ."

ಸೇವಂತಿ ಶಿಬಿರದ ಬೆಳಿಗ್ಗೆ ಕಂದು ನೈಟಿ ಹಿಡಿದು ಮಗಳೆದುರು ಕೂತಳು. "ಒಂದೇ ದಿನ ಹಾಕು ಮಗಾ. ಕೈ ಮುಗೀತೇನೆ."

ಮೋಕ್ಷಿತಾ ತಲೆ ಆಡಿಸಿದಳು. ಇಲ್ಲ.

"ಹಾಗಾದ್ರೆ ಅಮ್ಮ ಹಾಕಿದ್ದು ಅಂತ ಹೇಳು. ಅಷ್ಟಾದ್ರೂ ಹೇಳು. ಹೇಳ್ತೀಯಲ್ಲ?"

ಮೋಕ್ಷಿತಾ ನವಿಲು ಬಣ್ಣದ ಚೂಡಿದಾರವನ್ನು ಹತ್ತಿರ ಎಳೆದುಕೊಂಡಳು. ಆಟೋದಲ್ಲಿ ದಾರಿಯುದ್ದಕ್ಕೂ ಸೇವಂತಿ ಅದನ್ನೇ ಕೇಳಿದಳು.

ಶಿಬಿರದ ಹಾಲ್‌ನಲ್ಲಿ ಬೆಂಚು ತುಂಬ ಜನ. ಎರಡು ಗಂಟೆ ಕಾದ ಮೇಲೆ ಹೆಸರು ಕೂಗಿದರು. ಸೇವಂತಿ ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ ಕುರ್ಚಿಯಲ್ಲಿ ಕೂರಿಸಿದಳು. ಬಾಗಿಲು ತೆರೆದೇ ಇತ್ತು. ಮೇಜಿನ ಹಿಂದೆ ಡಾಕ್ಟರು, ಪಕ್ಕದಲ್ಲಿ ಮೊಬೈಲು ಹಿಡಿದ ಗುಮಾಸ್ತ.

"ಎಂತದಿದು? ಮದುವೆಗೆ ಬಂದದ್ದಾ?" ಡಾಕ್ಟರು ಫೈಲು ನೋಡಿ ಮತ್ತೆ ಅಂಗಿ ನೋಡಿದರು. "ಹಾಸಿಗೆಯಿಂದ ಏಳದವಳಿಗೆ ಇಷ್ಟು ಶೋಕಿಯಾ? ಯಾರು ಹಾಕಿದ್ದು ಇದನ್ನು?"

"ನಾನೇ ಸಾರ್," ಅಂದಳು ಸೇವಂತಿ.

"ನಿನ್ನ ಹತ್ರ ಕೇಳ್ಲಿಲ್ಲ. ಏ ಹುಡುಗೀ, ಯಾರು ಹಾಕಿದ್ದು?"

ಮೋಕ್ಷಿತಾಳ ಬಾಯಿ ಓರೆಯಾಯಿತು, ಗಂಟಲಿನ ನರ ಬಿಗಿದವು. ಮಾತು ಬರದೇ ಹೋಗಲಿ ಅಂತ ಸೇವಂತಿ ತನ್ನ ದೈವಕ್ಕೆ ಹರಕೆ ಹೇಳಿಕೊಂಡಳು.

"ನಾ...ನೇ," ಅಂದಳು ಮೋಕ್ಷಿತಾ. "ನಲ್ವತ್ತು ನಿಮಿಷ."

ಗುಮಾಸ್ತ ನಕ್ಕ. ಡಾಕ್ಟರು ಪೆನ್ನು ಕೆಳಗಿಟ್ಟರು. "ಓಹೋ. ಹಾಗಾದ್ರೆ ತೆಗೆದು ಹಾಕಿ ತೋರಿಸು ನೋಡುವ. ಏಯ್, ವೀಡಿಯೋ ಮಾಡು, ರೆಕಾರ್ಡಿಗೆ ಬೇಕು."

"ಬೇಡ ಸಾರ್," ಸೇವಂತಿ ನೆಲಕ್ಕೆ ಕೂತಳು, ಕೈ ಮೇಜಿನ ಕಾಲಿಗೆ ತಾಗಿತು. "ಅವಳಿಗೆ ಗೊತ್ತಾಗುದಿಲ್ಲ ಸಾರ್, ಸುಮ್ನೆ ಪೊಕ್ಕಡೆ ಹೇಳ್ತಾಳೆ. ಪರ್ಸೆಂಟು ಇಳಿಸಿದ್ರೂ ಅಡ್ಡಿಲ್ಲ, ಬಟ್ಟೆ ಮಾತ್ರ..."

"ಬಾಯಿ ಮುಚ್ಚು!"

"ಬಾಗಿಲು ಹಾಕಿ," ಅಂದಳು ಮೋಕ್ಷಿತಾ. ಉಸಿರು ತೆಗೆದುಕೊಂಡಳು. "ಗಂಡಸರು... ಹೊರಗೆ. ಹೆಂಗಸು ಡಾಕ್ಟ್ರು ಬರ್ಲಿ. ತೋರಿಸ್ತೇನೆ."

ಡಾಕ್ಟರು ಗುಮಾಸ್ತನ ಮುಖ ನೋಡಿದರು. "ನೋಡಿದ್ಯಾ ಮಾರಾಯ? ಇದಕ್ಕೆ ಮಾನ ಬೇರೆ ಉಂಟು!"

"ಉಂಟು," ಅಂದಳು ಮೋಕ್ಷಿತಾ.

ಗುಮಾಸ್ತ ಮೊಬೈಲು ಕೆಳಗಿಳಿಸಿದ. ಡಾಕ್ಟರು ಫೈಲಿಗೆ ಕೈ ಅಡ್ಡ ಹಿಡಿದು ಏನೋ ಬರೆದು, ಸೀಲು ಒತ್ತಿದರು. "ಪತ್ರ ಬರ್ತದೆ. ಎತ್ಕೊಂಡು ಹೋಗು ನಿನ್ನ ಮಹಾರಾಣಿಯನ್ನು."

ಸೇವಂತಿ ಮಗಳನ್ನು ಎತ್ತಿದಳು. ಹೊರಗಿನ ಬೆಂಚಿನಲ್ಲಿ ಅವಳನ್ನು ಕೂರಿಸಿ ಪಕ್ಕದಲ್ಲಿ ಕೂತಳು. ತೆರೆದ ಬಾಗಿಲಿನಿಂದ ಎಲ್ಲರಿಗೂ ಎಲ್ಲ ಕೇಳಿತ್ತು. ಒಬ್ಬ ತಾಯಿ ಸೆರಗಿಗೆ ಉಗುಳು ಹಚ್ಚಿ ಮಗಳ ಮುಖದ ಪೌಡರು ಉಜ್ಜುತ್ತಿದ್ದಳು. ಇನ್ನೊಬ್ಬಳು ಮಗನ ಬಾಚಿದ ತಲೆಯನ್ನು ಕೆದರುತ್ತಿದ್ದಳು.

ಪಕ್ಕದಲ್ಲಿ ಗುಂಡ್ಯದ ಕಡೆಯ ಕದೀಜಮ್ಮ ತನ್ನ ಮೊಮ್ಮಗಳು ಆಸಿಯಾಳ ಕೈಯಿಂದ ಗಾಜಿನ ಬಳೆ ಎಳೆಯುತ್ತಿದ್ದಳು. ಹುಡುಗಿಗೆ ಮಾತಿಲ್ಲ. ಮುಷ್ಟಿ ಬಿಗಿಹಿಡಿದು ಊಂ ಊಂ ಅನ್ನುತ್ತಿದ್ದಳು. ಒಂದು ಬಳೆ ಒಡೆಯಿತು.

ಸೇವಂತಿ ಕೈ ಚಾಚಿ ಕದೀಜಮ್ಮನ ಮಣಿಕಟ್ಟು ಹಿಡಿದಳು. "ಬಿಡಿ. ಬಳೆ ಇರ್ಲಿ," ಅಂದಳು. ಮುದುಕಿ ಕೈ ಎಳೆದುಕೊಳ್ಳಲು ನೋಡಿದಳು. ಆದರೂ ಸೇವಂತಿ ಹಿಡಿತ ಬಿಡಲಿಲ್ಲ.

ಒಳಗಿನಿಂದ ಆಸಿಯಾಳ ಹೆಸರು ಕೂಗಿದರು.