ಶುಕ್ರವಾರದ ಪ್ರತಿ

ಹೆಂಡತಿಯ ಹಣೆಯ ಮೇಲೆ ಜಾರಿದ್ದ ಕೂದಲನ್ನು ದರ್ಜಿ ಹಿಂದಕ್ಕೆ ಸರಿಸುತ್ತಿದ್ದಾಗ, ಸುತ್ತ ಕೂತಿದ್ದವರನ್ನು ದಾಟಿಕೊಂಡು ಆಸ್ಪತ್ರೆಯ ಮ್ಯಾನೇಜರು ಅವನ ಪಕ್ಕಕ್ಕೆ ಬಂದು ಬಗ್ಗಿದರು.

"ಈ ಹೊತ್ತಲ್ಲಿ ಕೇಳ್ಬಾರ್ದು. ಬೇರೆ ದಾರಿಯಿಲ್ಲ."

ಇಪ್ಪತ್ತು ವರ್ಷ ಆ ಆಸ್ಪತ್ರೆಯ ದಾಖಲೆಗಳಿದ್ದ ಲಿನಕ್ಸ್ ಸರ್ವರುಗಳನ್ನು ಕಾದ ಅವನ ಹೆಂಡತಿ ಮೊನ್ನೆ ಮಧ್ಯಾಹ್ನ ಎದೆನೋವೆಂದು ಕುರ್ಚಿಗೆ ಒರಗಿದಳು, ಮತ್ತೆ ಏಳಲಿಲ್ಲ. ಅಲ್ಲಿ ಅವಳಿಗೆ ಬೀಗದಮ್ಮ ಎಂದೇ ಹೆಸರು. ಊಟದ ಡಬ್ಬಿಗೂ ಪಾಸ್‌ವರ್ಡ್ ಇಟ್ಟಿದ್ದಾಳೆ ಎಂದು ನಗುತ್ತಿದ್ದರು. ಹೊರಗಿನಿಂದ ಇಂಟರ್ನೆಟ್ಟಿನಲ್ಲಿ ಸರ್ವರಿಗೆ ಬರುವ ದಾರಿಗಳನ್ನೆಲ್ಲ ಮುಚ್ಚಿ, ಒಂದನ್ನು ಮಾತ್ರ ಬಿಟ್ಟು, ಅದಕ್ಕೂ ಕಾವಲು ಹಾಕಿದ್ದಳು. ಅವಳು ಹೋದ ಮರುದಿನವೇ, ಮನೆಯಿಂದ ಕೆಲಸ ಮಾಡುವವರಿಗೆ ಅನುಕೂಲವಾಗಲೆಂದು ಮ್ಯಾನೇಜರು ಇನ್ನೊಂದನ್ನು ತೆರೆಸಿದ್ದರು.

"ಎರಡೇ ದಿನಕ್ಕೆ ಅಂತ ತೆಗೆಸಿದ್ದೆ. ಬೆಳಿಗ್ಗೆ ನೋಡಿದ್ರೆ ಯಾರೋ ನುಗ್ಗಿ ಎಲ್ಲ ಫೈಲಿಗೂ ಅವರ ಬೀಗ ಜಡಿದಿದ್ದಾರೆ. ಅಲ್ಲೇ ಇದ್ದ ಬ್ಯಾಕಪ್ಪೂ ಹೋಯ್ತು. ಕ್ಯಾನ್ಸರ್ ವಾರ್ಡಲ್ಲಿ ಹದಿನಾಲ್ಕು ಜನ ಕಾಯ್ತಿದ್ದಾರೆ. ಯಾರಿಗೆ ಎಷ್ಟು ಔಷಧಿ ಅಂತ ಗೊತ್ತಾಗದೆ ಡಾಕ್ಟ್ರು ಕೈಕಟ್ಟಿ ಕೂತಿದ್ದಾರೆ. ಇವರು ಮನೇಲೊಂದು ಪ್ರತಿ ಇಟ್ಟಿದ್ರಂತೆ. ಡಿಸ್ಕು ಕೊಡಿ, ಪಾಸ್‌ವರ್ಡ್ ಚೀಟೀಲಿ ಬರ್ದುಕೊಡಿ, ಸಾಕು."

"ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬಂದ್ರಾ?" ಎಂದಳು ಹೆಂಡತಿಯ ತಂಗಿ.

ದರ್ಜಿ ಎದ್ದು ಹೊಲಿಗೆ ಯಂತ್ರದ ಡ್ರಾಯರಿನಿಂದ ಡಿಸ್ಕು ತೆಗೆದ. "ಬರೆದು ಕೊಡಲ್ಲ. ನಾನೇ ಬರ್ತೀನಿ."

"ಭಾವ, ಹೆಣ ಬಿಟ್ಟು ಹೋಗ್ತೀರಾ? ಗಾಡಿ ಬರೋಕೆ ಒಂದು ಗಂಟೆ ಇದೆ. ಜನ ಏನಂತಾರೆ?"

"ಅವಳಿಗೆ ಮಾತು ಕೊಟ್ಟಿದ್ದೀನಿ."

*

ಆರು ವರ್ಷದ ಹಿಂದೆ ಅವನ ಅಂಗಡಿಗೊಂದು ಫೋನ್ ಬಂದಿತ್ತು. ಆಸ್ಪತ್ರೆಯಿಂದ, ನಿಮ್ಮ ಮನೆಯವರು ಮೀಟಿಂಗಿನಲ್ಲಿದ್ದಾರೆ, ಡಿಸ್ಕಿನ ಪಾಸ್‌ವರ್ಡ್ ತುರ್ತಾಗಿ ಬೇಕಂತೆ ಎಂದಿತು ಒಂದು ದನಿ. ದರ್ಜಿ ಬಾಯಲ್ಲಿದ್ದ ಸೂಜಿ ತೆಗೆದು, ಒಂದೊಂದೇ ಪದ ಬಿಡಿಸಿ ಹೇಳಿದ.

ಆ ಸಂಜೆ ಅವಳು ಊಟಕ್ಕೆ ಕೂರಲಿಲ್ಲ. "ಫೋನ್ ಮಾಡಿಸಿದ್ದು ನಾನೇ," ಎಂದಳು.

"ನನ್ನೇ ಪರೀಕ್ಷೆ ಮಾಡ್ತೀಯಾ? ನಾನೇನು ಕಳ್ಳನಾ?"

"ಅಲ್ಲ, ಒಳ್ಳೆಯವನು. ಕಳ್ಳರು ಹುಡುಕೋದೇ ಒಳ್ಳೆಯವರನ್ನ."

ನಾಲ್ಕು ದಿನ ಮಾತಿರಲಿಲ್ಲ. ಐದನೆಯ ದಿನ ಡಿಸ್ಕಿಗೆ ಪಾಸ್‌ವರ್ಡಾಗಿ ಹೊಸ ವಾಕ್ಯವೊಂದನ್ನು ಬಾಯಿಪಾಠ ಮಾಡಿಸಿದಳು. "ಯಾರೇ ಕೇಳಲಿ, ಬಾಯಿ ಬಿಡ್ಬೇಡ. ನಾನಿಲ್ದೆ ಹೋದ್ರೆ ನೀನೇ ಹೋಗಿ ಕೀಬೋರ್ಡಲ್ಲಿ ಹೊಡಿ. ಕಳ್ಳರು ಹೊಕ್ಕಿರೋ ಯಂತ್ರಕ್ಕೆ ಮಾತ್ರ ಡಿಸ್ಕು ಹಾಕೋಕೆ ಬಿಡ್ಬೇಡ. ಇದೂ ಕೈತಪ್ಪಿ ಹೋಗುತ್ತೆ."

*

ಸರ್ವರ್ ಕೋಣೆಯಲ್ಲಿ ಅವಳ ಹಳೆಯ ಸಹೋದ್ಯೋಗಿ, ಎಲ್ಲರೂ ಕನ್ನಡಕ ಎಂದು ಕರೆಯುವ ಹೆಂಗಸು, ಅತ್ತ ಕಣ್ಣಿನಲ್ಲೇ ಕೆಲಸಕ್ಕಿಳಿದಿದ್ದಳು.

ಮ್ಯಾನೇಜರು ಡಿಸ್ಕಿಗೆ ಕೈಚಾಚಿದರು. "ಇದಕ್ಕೇ ಹಾಕಿ ನೋಡೋಣ."

"ಅದಕ್ಕೆ ಬೇಡ," ಎಂದ ದರ್ಜಿ. "ಬೇರೆ ಯಂತ್ರ ಹೊಸದಾಗಿ ಸಿದ್ಧ ಮಾಡಿ. ನೆಟ್‌ವರ್ಕ್ ಕೇಬಲ್ ಕಿತ್ತಿರ್ಬೇಕು."

"ನಲವತ್ತು ನಿಮಿಷ ಬೇಕ್ರೀ ಅದಕ್ಕೆ. ಬಟ್ಟೆ ಹೊಲಿಯೋರು ನೀವು, ಇದೆಲ್ಲ ನಿಮಗೆ..."

"ಅವರು ಹೇಳ್ತಿರೋದೇ ಸರಿ," ಎಂದಳು ಕನ್ನಡಕ, ತಲೆಯೆತ್ತದೆ. "ಉಳಿದಿರೋದು ಇದೊಂದೇ ಪ್ರತಿ."

ನಲವತ್ತು ನಿಮಿಷ ಯಾರೂ ಕೂರಲಿಲ್ಲ. ವಾರ್ಡಿನ ನರ್ಸ್ ಬಾಗಿಲಿಗೆ ಬಂದು ಬಂದು ಹೋದಳು. ತಂಗಿ ಎರಡು ಸಲ ಫೋನ್ ಮಾಡಿದಳು. ಗಾಡಿ ಬಂದು ನಿಂತಿತ್ತು.

ಕೊನೆಗೆ ದರ್ಜಿ ಒಂದೇ ಬೆರಳಿನಲ್ಲಿ ವಾಕ್ಯ ಹೊಡೆದ. ತಪ್ಪು. ಮತ್ತೆ ಹೊಡೆದ. ತಪ್ಪು. ಮ್ಯಾನೇಜರ ಉಸಿರು ಅವನ ಕುತ್ತಿಗೆಗೆ ತಾಗುತ್ತಿತ್ತು. ಬೆರಳು ಹೊಡೆಯುತ್ತಿದ್ದುದು ಹಳೆಯ ವಾಕ್ಯ, ಅಂದು ಫೋನಿನಲ್ಲಿ ಬಿಟ್ಟುಕೊಟ್ಟದ್ದು. ಕೈ ಒರೆಸಿಕೊಂಡ. ಕಣ್ಣು ಮುಚ್ಚಿ, ಹೊಸದನ್ನು ಅವಳ ದನಿಯಲ್ಲೇ ಒಳಗೊಳಗೆ ಹೇಳಿಕೊಂಡು, ಮೂರನೆಯ ಸಲ ಹೊಡೆದ.

ಡಿಸ್ಕು ತೆರೆಯಿತು. ಅರ್ಧ ಗಂಟೆಯಲ್ಲಿ ಹದಿನಾಲ್ಕು ಹೆಸರುಗಳೂ ಅವುಗಳ ಎದುರು ಔಷಧಿಯ ಲೆಕ್ಕವೂ ಪರದೆಗೆ ಬಂದವು.

"ಕಳೆದ ಶುಕ್ರವಾರದ ತನಕ ಇದೆ. ಈ ವಾರದ್ದು ಚೀಟಿ ನೋಡಿ ಸೇರಿಸ್ಕೋತೀವಿ," ಎಂದು ನರ್ಸ್ ಮುದ್ರಿತ ಹಾಳೆಗಳನ್ನು ಎತ್ತಿಕೊಂಡು ಓಡಿದಳು.

ಮ್ಯಾನೇಜರು ದರ್ಜಿಯ ಕಡೆ ತಿರುಗಿದರು. "ಆ ದಾರಿ ನಾನು ತೆಗೆಸಬಾರದಿತ್ತು."

"ಮನೆಗೆ ಬಂದು ಅವಳಿಗೆ ಹೇಳಿ," ಎಂದ ದರ್ಜಿ. "ಗಾಡಿ ಇನ್ನೂ ನಿಂತಿದೆ."

ಅವರು ತಲೆ ತಗ್ಗಿಸಿ ಹೊರಗೆ ಹೋದರು.

"ಅಣ್ಣ," ಎಂದಳು ಕನ್ನಡಕ, "ಎಲ್ಲರ ಮುಂದೆ ಹೊಡೆದಾಯ್ತಲ್ಲ, ವಾಕ್ಯ ಈಗ್ಲೇ ಬದಲಾಯಿಸ್ಬೇಕು. ಸ್ವಲ್ಪ ಆ ಕಡೆ ತಿರುಗ್ತೀರಾ?"

ದರ್ಜಿ ಗೋಡೆಗೆ ಮುಖ ಮಾಡಿ ನಿಂತ. ಅಲ್ಲೊಂದು ಹಾಳೆ ಅಂಟಿಸಿತ್ತು: ಡಿಸ್ಕಿನ ಪ್ರತಿಯನ್ನು ತೆರೆದು ಪರೀಕ್ಷಿಸಿದ ದಿನಗಳು, ಅವಳ ಕೈಬರಹದಲ್ಲಿ, ಒಂದೊಂದು ತಾರೀಖಿನ ಮುಂದೂ ಪುಟ್ಟದೊಂದು ಗುರುತು. ಬೆನ್ನ ಹಿಂದೆ ಕೀಲಿಮಣೆಯ ಸದ್ದು ನಿಂತಿತು.

"ಆಯ್ತು ಅಣ್ಣ."

ಅವನು ತಿರುಗಲಿಲ್ಲ.