ರೈಟ್ ಅಂದವಳು

ನಾನು ಬಸ್ ಕಂಡಕ್ಟರ್, ನನ್ನ ಗಂಡ ಅದೇ ಬಸ್ಸಿನ ಡ್ರೈವರ್. ಹನ್ನೊಂದು ವರ್ಷದಿಂದ ನಾನು ‘ರೈಟ್’ ಅನ್ನದೆ ಅವರು ಗಾಡಿ ಬಿಟ್ಟವರಲ್ಲ. ಮನೆಯಲ್ಲೂ ಅದೇ ಆಟ. ಊಟಕ್ಕೆ ಕೂತರೆ ನಾನು ‘ರೈಟ್’ ಅನ್ನುವವರೆಗೆ ತುತ್ತು ಎತ್ತದೆ ಕಾಯುತ್ತಿದ್ದರು, ಮಗಳು ಬಿದ್ದು ಬಿದ್ದು ನಗುತ್ತಿದ್ದಳು.

ಡಿಪೋದ ಮೆಕ್ಯಾನಿಕ್ ನಿವೃತ್ತನಾದ ದಿನ ಮಧ್ಯಾಹ್ನದ ಊಟದ ಜೊತೆ ಬಾಟಲಿಯೂ ಇತ್ತು. ಮೂವರೂ ನಮ್ಮ ಕಾರಿನಲ್ಲಿ ಮನೆಗೆ ಹೊರಡುವಾಗ ಇವರ ಬಾಯಿಯ ವಾಸನೆ ಮೂಗಿಗೆ ಬಡಿಯಿತು. “ಎರಡೇ ಕಣೇ” ಎಂದರು. ಹತ್ತು ವರ್ಷದ ಮಗಳು ಕಾರಿನ ಹಿಂದಿನ ಸೀಟಿನಲ್ಲಿದ್ದಳು. ಕೀ ಕಸಿದುಕೊಳ್ಳಬೇಕಿತ್ತು. ಹಾಳಾದ ನನ್ನ ಬಾಯಿ! ಅಭ್ಯಾಸಬಲದಿಂದ “ರೈಟ್, ರೈಟ್!” ಎಂದೆ. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟ ಹಾಗಾಯಿತು. ತಿರುವಿನಲ್ಲಿ ಕಾರು ಗೋಡೆಗೆ ಗುದ್ದಿತು. ಮಗಳ ಮೊಣಕೈ ಮುರಿಯಿತು.

ಅವರ ಲೈಸೆನ್ಸ್ ಆರು ತಿಂಗಳು ಅಮಾನತಾಯಿತು. ಬಸ್ ಓಡಿಸುತ್ತಿದ್ದವರು ಡಿಪೋದಲ್ಲಿ ಪೈಪು ಹಿಡಿದು ಬಸ್ ತೊಳೆದರು. ಅದನ್ನು ಹೇಗೋ ತಡೆದುಕೊಂಡರು. ಮಗಳ ಮೌನವನ್ನು ತಡೆಯಲು ಆಗಲಿಲ್ಲ. ಅಪ್ಪ ಕೋಣೆಗೆ ಬಂದರೆ ಅವಳು ಎದ್ದು ಹೋಗುತ್ತಿದ್ದಳು. ಹೀಗೇ ಬಿಟ್ಟರೆ ಅವರಿಗೆ ಮಗಳು ಶಾಶ್ವತವಾಗಿ ಕೈತಪ್ಪುತ್ತಾಳೆ ಎಂಬ ಭಯ ನನಗೆ.

ನಾನೋ, ದಿನಕ್ಕೆರಡು ಸಲ ಅವರನ್ನು ಜಾಡಿಸುತ್ತಿದ್ದೆ. ಕುಡುಕರ ಸುದ್ದಿ ಯಾರೇ ಎತ್ತಲಿ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದವಳೂ ನಾನೇ. “ರೈಟ್ ಅಂದವಳು ನೀನಲ್ವಾ?” ಎಂದು ಅವರು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಮಗಳಿಗೆ ಡಾಕ್ಟರು ಹೇಳಿಕೊಟ್ಟ ಕೈಯ ವ್ಯಾಯಾಮ ಮಾಡಿಸುತ್ತಿದ್ದೆ. ಅವರು ಬಾಗಿಲಲ್ಲಿ ಬಂದು ನಿಂತರು. ಅವಳು ಏಳಹೊರಟಳು. ನಾನು ಕೈ ಬಿಡಲಿಲ್ಲ.

“ಕೂತ್ಕೋ. ಅಪ್ಪ ಕುಡಿದಿದ್ದು ನಂಗೆ ಗೊತ್ತಿತ್ತು ಕಣೇ. ಗೊತ್ತಿದ್ದೂ ರೈಟ್ ಅಂದೆ. ಕೋಪ ಮಾಡ್ಕೊಳ್ಳೋದಾದ್ರೆ ನನ್ಮೇಲೂ ಮಾಡ್ಕೋ.”

ಅವಳ ತುಟಿ ಅದುರಿತು. “ನಂಗೂ ವಾಸನೆ ಬಂದಿತ್ತಮ್ಮ. ನೀನು ರೈಟ್ ಅಂದಾಗ ನಾನೂ ನಕ್ಕೆ. ನಾನು ಬೇಡ ಅಂದಿದ್ರೆ ಅಪ್ಪಂಗೆ ಲೈಸೆನ್ಸ್ ಇರ್ತಿತ್ತು. ಅಪ್ಪನ ಮುಖ ನೋಡಿದ್ರೆ ಅದೇ ನೆನಪಾಗುತ್ತೆ.”

ಅಯ್ಯೋ ನನ್ನ ಕಂದಾ! ನಾವಿಬ್ಬರೂ ಅದನ್ನು ಕೋಪ ಅಂದುಕೊಂಡಿದ್ದೆವಲ್ಲ!

ಅವರು ಬಂದು ಅವಳೆದುರು ನೆಲದ ಮೇಲೆ ಕೂತರು. “ಇಬ್ರೂ ಕೇಳಿ. ಕುಡಿದೋನು ನಾನು, ಕೀ ತಿರುಗಿಸಿದೋನು ನಾನು. ನಿಮ್ಮಮ್ಮ ಸಾವಿರ ಸಲ ರೈಟ್ ಅಂದ್ರೂ ಬ್ರೇಕ್ ಇದ್ದಿದ್ದು ನನ್ನ ಕಾಲ ಕೆಳಗೆ. ನೀನಂತೂ ಮಗು, ಪುಟ್ಟಿ. ಇದ್ರಲ್ಲಿ ನಿಂಗೆ ಪಾಲಿಲ್ಲ. ತಪ್ಪಾಯ್ತಮ್ಮ.”

ಮಗಳು ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡಳು. ಅದನ್ನು ಆದಷ್ಟು ನೀಡಿ ಅವರ ಮುಂದೆ ಹಿಡಿದಳು. ಪೂರ್ತಿ ನೆಟ್ಟಗಾಗಲಿಲ್ಲ.

“ಅಮ್ಮ ಜೋರಾಗಿ ಎಳೀತಾಳೆ. ನೀನು ಮಾಡ್ಸಪ್ಪ, ಮೆತ್ತಗೆ.”

ಅಷ್ಟು ದೊಡ್ಡ ಬಸ್ಸನ್ನು ಆಡಿಸುತ್ತಿದ್ದ ಮನುಷ್ಯ ಆ ಪುಟ್ಟ ಮೊಣಕೈಯನ್ನು ಎರಡೂ ಅಂಗೈಯಲ್ಲಿ ಮೆಲ್ಲಗೆ ಹಿಡಿದುಕೊಂಡರು. ಹತ್ತು ಸಲ ಮಡಚಿ ಬಿಡಿಸಬೇಕು. ಮೂರಕ್ಕೆ ಬರುವಷ್ಟರಲ್ಲಿ ಅಳು ಬಂದು ಅವರಿಗೆ ಲೆಕ್ಕ ತಪ್ಪಿತು. ಮಗಳು ಇನ್ನೊಂದು ಕೈಯಿಂದ ಅವರ ಕೆನ್ನೆ ಒರೆಸಿ, ಮತ್ತೆ ಒಂದರಿಂದ ಎಣಿಸಿದಳು.